ಕೋರ್ಸ್ ಮುಗೀತಲ್ಲ ಡಾಕ್ಟ್ರೇ: ಕಾಲಿನ ಹೆಪ್ಪು, ಒಂದು ಉಂಬಳ, ಆರು ತಿಂಗಳ ಲೆಕ್ಕ

ಆಗಸ್ಟ್ ಕೊನೆಯ ವಾರ, ಜಡಿಮಳೆ. ಸಾಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರು ಒದ್ದೆ ಛತ್ರಿಯನ್ನು ಬಾಗಿಲಿನಾಚೆ ಒರಗಿಸಿ ಒಳಗೆ ಬಂದು, ಕೂರುವ ಮೊದಲೇ ಎಡಗಾಲಿನ ಪಂಚೆ ಮೇಲೆತ್ತಿದರು. ಹಿಮ್ಮಡಿಯ ಮೇಲ್ಗಡೆ ಸಾಸಿವೆ ಕಾಳಿನಷ್ಟು ಕಪ್ಪು ಗುರುತು. "ಉಂಬಳ ಕಚ್ಚಿದ್ದು ಡಾಕ್ಟ್ರೇ. ಬೆಳಗ್ಗೆ ಹತ್ತು ಗಂಟೆಗೆ ಕಚ್ಚಿದ್ದು, ದೀಪ ಹಚ್ಚೋ ಹೊತ್ತಿಗೂ ರಕ್ತ ನಿಂತಿರ್ಲಿಲ್ಲ. ಪಂಚೆ ಪೂರ್ತಿ ಕೆಂಪು. ಅವತ್ತೇ ಮಾತ್ರೆ ಬಿಟ್ಟೆ. ಹೇಗೂ ಆರು ತಿಂಗಳ ಕೋರ್ಸ್ ಮುಗೀತಲ್ಲ?"

ಉಂಬಳ ಅಂದರೆ ಮಲೆನಾಡಿನ ಮಳೆಗಾಲದ ಜಿಗಣೆ. ಮಾತ್ರೆ ಅಂದರೆ ಕಾಲಿನ ರಕ್ತನಾಳದ ಹೆಪ್ಪಿಗೆ ನಾನು ಕೊಟ್ಟಿದ್ದ, ರಕ್ತ ತೆಳು ಮಾಡುವ ಮಾತ್ರೆ. ಅದನ್ನು ಬಿಟ್ಟು 12 ದಿನ ಆಗಿತ್ತು. ಆರು ತಿಂಗಳು ತುಂಬಲು ಎರಡು ದಿನ ಬಾಕಿ ಇದ್ದಾಗ ಬಿಟ್ಟಿದ್ದರು. ಅವರ ಲೆಕ್ಕದಲ್ಲಿ ಎರಡು ದಿನ ಮಾತ್ರ ಕಮ್ಮಿ.

ಈ 'ಕೋರ್ಸ್' ಎಂಬ ಮಾತು ಅವರದಲ್ಲ, ನನ್ನದು. ಫೆಬ್ರವರಿಯಲ್ಲಿ ಚೀಟಿ ಬರೆದು ಕೊಡುವಾಗ "ಆರು ತಿಂಗಳು ಕೋರ್ಸ್ ತಗೊಳ್ಳಿ, ಆಮೇಲೆ ನೋಡೋಣ" ಎಂದಿದ್ದೆ. 'ಆಮೇಲೆ ನೋಡೋಣ' ಎಂಬುದನ್ನು ಯಾರೂ ಮನೆಗೆ ಒಯ್ಯುವುದಿಲ್ಲ. 'ಆರು ತಿಂಗಳು' ಎಂಬುದನ್ನು ಮಾತ್ರ ಒಯ್ಯುತ್ತಾರೆ. ಟೈಫಾಯ್ಡಿನ ಮಾತ್ರೆಗೆ ಕೋರ್ಸ್ ಇರುತ್ತದೆ, ಕ್ಷಯಕ್ಕೆ ಇರುತ್ತದೆ. ಹೆಪ್ಪಿನ ಮಾತ್ರೆಗೂ ಅದೇ ಪದ ಬಳಸಿದ್ದು ನನ್ನ ತಪ್ಪು. ಅಲ್ಲಿಂದ ಮುಂದೆ ನಡೆದದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಅವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಅವರನ್ನು ಯಜಮಾನರು ಎಂದೇ ಕರೆಯುತ್ತೇನೆ. ಊರಲ್ಲೂ ಹಾಗೆಯೇ ಕರೆಯುವುದು.

ಮೊದಲು ಫೆಬ್ರವರಿಯ ಕಥೆ. ವಯಸ್ಸು 56, ತೂಕ 71 ಕಿಲೋ. ಬಿಪಿ, ಸಕ್ಕರೆ ಇಲ್ಲ. ಅಡಿಕೆ ಸುಲಿತ ಮುಗಿದ ವಾರ ಎಡಗಾಲು ಭಾರ ಅನ್ನಿಸಿತು. ಮೀನಖಂಡ ಗಟ್ಟಿಯಾಗಿ, ಒತ್ತಿದರೆ ನೋವು. ದಿನವಿಡೀ ಮೆಟ್ಟುಗತ್ತಿಯ ಮುಂದೆ ಕೂತದ್ದಕ್ಕೆ ಉಳುಕಿರಬೇಕು ಎಂದುಕೊಂಡು ಎರಡು ದಿನ ಎಣ್ಣೆ ತಿಕ್ಕಿಸಿಕೊಂಡಿದ್ದರು. ಮೂರನೇ ದಿನ ತೊಡೆಯವರೆಗೂ ಬಾವು. ನಾನು ಟೇಪು ಹಿಡಿದಾಗ ಎಡ ಮೀನಖಂಡದ ಸುತ್ತಳತೆ ಬಲಕ್ಕಿಂತ 4 ಸೆಂಟಿಮೀಟರ್ ಹೆಚ್ಚಿತ್ತು. ಶಿವಮೊಗ್ಗದಲ್ಲಿ ಡಾಪ್ಲರ್ (ರಕ್ತದ ಹರಿವು ತೋರಿಸುವ ಸ್ಕ್ಯಾನು) ಮಾಡಿಸಿದಾಗ ಮಂಡಿಯ ಹಿಂದಿನ ಆಳದ ಅಭಿಧಮನಿಯಿಂದ ತೊಡೆಯ ನಡುವಿನವರೆಗೆ ರಕ್ತ ಹೆಪ್ಪುಗಟ್ಟಿರುವುದು ಕಂಡಿತು. ಡೀಪ್ ವೇನ್ ಥ್ರಾಂಬೋಸಿಸ್, ನಮ್ಮ ಮಾತಿನಲ್ಲಿ ಡಿವಿಟಿ. ಏದುಸಿರು ಇರಲಿಲ್ಲ, ಎದೆ ನೋವು ಇರಲಿಲ್ಲ, ಬೆರಳಿಗೆ ಸಿಕ್ಕಿಸುವ ಯಂತ್ರ ಆಮ್ಲಜನಕ 97 ತೋರಿಸಿತು.

ಅಪಿಕ್ಸಬಾನ್ ಎಂಬ ಮಾತ್ರೆ ಶುರು ಮಾಡಿದೆವು. ಮೊದಲ ಏಳು ದಿನ 10 ಮಿಲಿಗ್ರಾಂ, ದಿನಕ್ಕೆರಡು ಸಲ. ಆಮೇಲೆ 5 ಮಿಲಿಗ್ರಾಂ, ದಿನಕ್ಕೆರಡು ಸಲ. ರಕ್ತ ತೆಳು ಮಾಡುವ ಇನ್ನೊಂದು ಮಾತ್ರೆ ಏಸಿಟ್ರಾಂ ಕೊಡಬಹುದಿತ್ತು, ಅದು ಹಳೆಯದು, ಅಗ್ಗದ್ದು. ಆದರೆ ಅದಕ್ಕೆ ಪದೇ ಪದೇ, ರಕ್ತ ಹೆಪ್ಪುಗಟ್ಟುವ ಹೊತ್ತು ಅಳೆಯುವ ಐಎನ್‌ಆರ್ ಪರೀಕ್ಷೆ ಬೇಕು. ಮಳೆಗಾಲದಲ್ಲಿ ಹೊಳೆ ದಾಟಿ ಪೇಟೆಗೆ ಬಂದು ರಕ್ತ ಕೊಡುವುದು ಇವರ ಊರಿನಿಂದ ಆಗುವ ಮಾತಲ್ಲ. ಮೇಲಾಗಿ ಸೊಪ್ಪಿನ ಪದಾರ್ಥ ಒಂದು ದಿನ ಹೆಚ್ಚು ಒಂದು ದಿನ ಕಮ್ಮಿ ಆದರೂ ಆ ಮಾತ್ರೆಯ ಲೆಕ್ಕ ಏರುಪೇರಾಗುತ್ತದೆ. ಮಲೆನಾಡಿನ ಅಡುಗೆಮನೆಯಲ್ಲಿ ತಂಬುಳಿ ಇಲ್ಲದ ದಿನ ಎಲ್ಲಿದೆ?

ಈಗ ಆಗಸ್ಟಿಗೆ ವಾಪಸ್. ಯಜಮಾನರ ಹತ್ತಿರ ಮಾತ್ರೆ ಬಿಡಲು ಒಂದಲ್ಲ, ನಾಲ್ಕು ಕಾರಣಗಳಿದ್ದವು.

ಮೊದಲನೆಯದು ಉಂಬಳ. ಅದರ ಎಂಜಲಿನಲ್ಲೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಇರುತ್ತದೆ. ಜಿಗಣೆಯ ಈ ಗುಣವನ್ನು 1884ರಲ್ಲಿ ಜಾನ್ ಹೇಕ್ರಾಫ್ಟ್ ತೋರಿಸಿಕೊಟ್ಟ. ಆಮೇಲೆ ಆ ವಸ್ತುವಿಗೆ ಹಿರುಡಿನ್ ಎಂಬ ಹೆಸರು ಬಂತು. ಮಾತ್ರೆ ತಿನ್ನದವರಿಗೂ ಉಂಬಳ ಕಚ್ಚಿದ ಜಾಗದಲ್ಲಿ ರಕ್ತ ಬೇಗ ನಿಲ್ಲುವುದಿಲ್ಲ, ತೋಟಕ್ಕೆ ಹೋಗುವ ಯಾರನ್ನು ಬೇಕಾದರೂ ಕೇಳಿ. ಇವರಿಗೆ ಹೊರಗಿನಿಂದ ಒಂದು ಮದ್ದು, ಒಳಗಿನಿಂದ ಇನ್ನೊಂದು. ನೋಡಲು ಭಯಂಕರ. ಆದರೆ ಹಿಮೋಗ್ಲೋಬಿನ್ ನೋಡಿದರೆ 13.4, ಫೆಬ್ರವರಿಯಲ್ಲಿ ಇದ್ದಷ್ಟೇ. ಬಿಳಿ ಪಂಚೆಯ ಮೇಲೆ ನಾಲ್ಕು ಚಮಚ ರಕ್ತ ಬಿದ್ದರೆ ಕೊಲೆಯಾದ ಹಾಗೆ ಕಾಣುತ್ತದೆ. "ಮುಂದಿನ ಸಲ ಮಡಚಿದ ಬಟ್ಟೆ ಇಟ್ಟು ಹದಿನೈದು ನಿಮಿಷ ಗಟ್ಟಿಯಾಗಿ ಒತ್ತಿ ಹಿಡೀರಿ, ನಡುವೆ ತೆಗೆದು ನೋಡ್ಬೇಡಿ" ಎಂದೆ. ಅವರು ಐದೈದು ನಿಮಿಷಕ್ಕೊಮ್ಮೆ ತೆಗೆದು ನೋಡಿದ್ದರಂತೆ.

ಎರಡನೆಯದು ಒಂದು ರಿಪೋರ್ಟು. ಮಾತ್ರೆ ಬಿಟ್ಟ ಹತ್ತನೇ ದಿನ ಯಾರೋ ಹೇಳಿದರೆಂದು ಲ್ಯಾಬಿಗೆ ಹೋಗಿ ಡಿ-ಡೈಮರ್ (ಹೆಪ್ಪು ಒಡೆಯುವಾಗ ರಕ್ತಕ್ಕೆ ಸೇರುವ ಚೂರುಗಳ ಪರೀಕ್ಷೆ) ಮಾಡಿಸಿದ್ದರು. ನಾರ್ಮಲ್. ಆ ಹಾಳೆಯನ್ನು ನನ್ನ ಮುಂದೆ ಇಡುವಾಗ ಅವರ ಮುಖದಲ್ಲಿ ಗೆಲುವು ಇತ್ತು. ಈ ಪರೀಕ್ಷೆಗೆ ಬೆಲೆ ಇಲ್ಲ ಎನ್ನಲಾರೆ, ಆದರೆ ಗಂಡಸರಿಗೆ ಅದರ ಭರವಸೆ ಕಮ್ಮಿ. ಕಾರಣವಿಲ್ಲದೆ ಹೆಪ್ಪುಗಟ್ಟಿದವರಲ್ಲಿ ಡಿ-ಡೈಮರ್ ನಾರ್ಮಲ್ ಬಂತೆಂದು ಮಾತ್ರೆ ನಿಲ್ಲಿಸಿ ಗಮನಿಸಿದ ಒಂದು ಅಧ್ಯಯನ 2015ರಲ್ಲಿ ಬಂತು. ಅದರಲ್ಲಿ ಗಂಡಸರಿಗೆ ವರ್ಷಕ್ಕೆ ನೂರಕ್ಕೆ ಸುಮಾರು 10 ಮಂದಿಗೆ ಮತ್ತೆ ಹೆಪ್ಪುಗಟ್ಟಿತು. ಗರ್ಭನಿರೋಧಕ ಮಾತ್ರೆಯಂಥ ಈಸ್ಟ್ರೋಜನ್ ಕಾರಣದಿಂದ ಹೆಪ್ಪುಗಟ್ಟಿದ್ದ ಹೆಂಗಸರಲ್ಲಿ ಒಬ್ಬರಿಗೂ ಮರುಕಳಿಸಲಿಲ್ಲ. ಹಾಳೆ ಅದೇ, 'ನಾರ್ಮಲ್' ಎಂಬ ಪದವೂ ಅದೇ, ಅರ್ಥ ಮಾತ್ರ ಬೇರೆ.

ಮೂರನೆಯದು ಸ್ಕ್ಯಾನು. ನಾನೇ ಬರೆದುಕೊಟ್ಟದ್ದು, ಮುಂದೆ ಹೋಲಿಸಿ ನೋಡಲು ಒಂದು ಇರಲಿ ಎಂದು. ಮುಂದೆಂದಾದರೂ ಇದೇ ಕಾಲು ಬಾತರೆ ಹೊಸದೋ ಹಳೆಯದೋ ಎಂದು ತಿಳಿಯಬೇಕಲ್ಲ. ಅದರಲ್ಲಿ ಅಭಿಧಮನಿಯ ಒಳಗೋಡೆಗೆ ಅಂಟಿದ ಹಳೆಯ ಕಲೆ ಕಂಡಿತ್ತು, ರಕ್ತ ಹರಿಯುತ್ತಿತ್ತು. "ಆರು ತಿಂಗಳು ತಿಂದ್ರೂ ಕರಗಿಲ್ಲ ಅಂದ್ಮೇಲೆ ಇನ್ಯಾಕೆ ತಿನ್ನೋದು?" ಎಂಬುದು ಇವರ ವಾದ. ಈ ಮಾತ್ರೆ ಹೆಪ್ಪನ್ನು ಕರಗಿಸುವುದಿಲ್ಲ. ಬೆಳೆಯದಂತೆ ತಡೆಯುತ್ತದೆ, ಕರಗಿಸುವ ಕೆಲಸ ದೇಹದ್ದು, ಅದು ಆದಷ್ಟು ಮಾಡಿ ಉಳಿದದ್ದನ್ನು ಕಲೆಯಾಗಿ ಬಿಡುತ್ತದೆ. ಸ್ಕ್ಯಾನು ಪೂರ್ತಿ ಚೊಕ್ಕಟವಾಗುವವರೆಗೂ ಮಾತ್ರೆ ತಿನ್ನಿಸುವವರೂ ಇದ್ದಾರೆ, ಚೊಕ್ಕಟವಾಯಿತೆಂದು ಮರುದಿನವೇ ನಿಲ್ಲಿಸುವವರೂ ಇದ್ದಾರೆ. ನನಗೆ ಎರಡೂ ಸರಿ ಕಾಣುವುದಿಲ್ಲ.

ನಾಲ್ಕನೆಯದೇ ನಿಜವಾದ ಪ್ರಶ್ನೆ. ಅದನ್ನು ಕೇಳಿದ್ದು ಅವರ ಹೆಂಡತಿ, ಅಷ್ಟು ಹೊತ್ತು ಸುಮ್ಮನೆ ಕೂತಿದ್ದವರು. "ನಮ್ಮ ಭಾವನವರಿಗೂ ಇದೇ ಕಾಯಿಲೆ, ಇದೇ ಮಾತ್ರೆ. ಅವರಿಗೆ ಮೂರೇ ತಿಂಗಳಿಗೆ ನಿಲ್ಲಿಸಿದ್ರು. ಇವರಿಗೆ ಯಾಕೆ ಇನ್ನೂ?"

ಭಾವನವರಿಗೆ ಅಡಿಕೆ ಮರದ ಕೆಳಗೆ ಜಾರಿಬಿದ್ದು ಸೊಂಟದ ಕೀಲು ಮುರಿದಿತ್ತು. ಶಸ್ತ್ರಚಿಕಿತ್ಸೆ ಆಗಿ ಎರಡು ವಾರಕ್ಕೆ ಕಾಲು ಬಾತದ್ದು. ಅಲ್ಲಿ ಹೆಪ್ಪಿಗೆ ಕಾರಣ ಕಣ್ಣೆದುರಿಗಿತ್ತು, ದೊಡ್ಡದಿತ್ತು, ಮುಗಿದೂ ಹೋಗಿತ್ತು. ಅಂಥವರಲ್ಲಿ ಮೂರು ತಿಂಗಳು ಮಾತ್ರೆ ಕೊಟ್ಟು ನಿಲ್ಲಿಸಿದರೆ ಮೊದಲ ವರ್ಷ ನೂರರಲ್ಲಿ ಸುಮಾರು ಒಬ್ಬರಿಗೆ, ಐದು ವರ್ಷದಲ್ಲಿ ಸುಮಾರು ಮೂವರಿಗೆ ಮರುಕಳಿಸುತ್ತದೆ. ಮೂರು ತಿಂಗಳಿಗೆ ನಿಲ್ಲಿಸಿದ ವೈದ್ಯರು ಸರಿಯಾಗಿಯೇ ಮಾಡಿದ್ದಾರೆ.

ಯಜಮಾನರಿಗೆ ಕಾರಣ ಯಾವುದು? ಮನೆಯವರು ಆಗಲೇ ಹುಡುಕಿ ಇಟ್ಟುಕೊಂಡಿದ್ದರು: ಬಸ್ಸು. ಜನವರಿಯಲ್ಲಿ ಮಗಳ ಮನೆಗೆಂದು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬಂದಿದ್ದರು, ಒಂದೊಂದು ದಾರಿಗೆ ಎಂಟು ಗಂಟೆ. ಕಾಲು ಬಾತದ್ದು ಮೂರು ವಾರದ ಮೇಲೆ. ಬಸ್ಸಿನ ಮೇಲೆ ಹೊರಿಸಿದರೆ ಎಲ್ಲರಿಗೂ ಹಗುರ. ಇನ್ನು ಮೇಲೆ ರಾತ್ರಿ ಬಸ್ಸು ಹತ್ತದಿದ್ದರೆ ಆಯಿತು. ನಾನು ಒಪ್ಪಲಿಲ್ಲ. ದೂರದ ಪ್ರಯಾಣವನ್ನು ಸಣ್ಣ ಕಾರಣಗಳ ಸಾಲಿಗೆ ಸೇರಿಸುತ್ತಾರೆ ನಿಜ. ಆದರೆ ಅದೇ ಬಸ್ಸಿನಲ್ಲಿ ಆ ರಾತ್ರಿ ಇನ್ನೂ ಮೂವತ್ತು ಜನ ಕೂತಿದ್ದರು. ಬಸ್ಸು ನೆಪವಾಗಿರಬಹುದು, ಕೀಲು ಮುರಿದ ಶಸ್ತ್ರಚಿಕಿತ್ಸೆಯ ಜೊತೆ ಅದನ್ನು ಒಂದೇ ತಕ್ಕಡಿಗೆ ಹಾಕಲಾಗದು.

ಹಾಗಾದರೆ ಇವರು ಕಾರಣ ಕಾಣದ ಗುಂಪಿನವರು. ಈ ಗುಂಪಿನ 7,515 ಜನರ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ 2019ರಲ್ಲಿ ಬಂತು. ಮಾತ್ರೆ ನಿಲ್ಲಿಸಿದ ಮೇಲೆ ಮರುಕಳಿಸಿದ್ದು ಮೊದಲ ವರ್ಷ ನೂರಕ್ಕೆ 10, ಐದು ವರ್ಷದಲ್ಲಿ 25, ಹತ್ತು ವರ್ಷದಲ್ಲಿ 36. ಗಂಡಸರನ್ನೇ ಬೇರೆ ಮಾಡಿ ನೋಡಿದರೆ ಹತ್ತು ವರ್ಷಕ್ಕೆ 41. ಆರು ತಿಂಗಳು ತಿಂದು ಬಿಟ್ಟರೂ ಒಂದು ವರ್ಷ ತಿಂದು ಬಿಟ್ಟರೂ ಬಿಟ್ಟ ಮೇಲಿನ ಅಪಾಯ ಹೆಚ್ಚುಕಮ್ಮಿ ಒಂದೇ. ಮೂರು ತಿಂಗಳಿಗಿಂತ ಕಮ್ಮಿ ಕೊಡಬಾರದು. ಅದರಾಚೆಗೆ ಆರು, ಒಂಬತ್ತು, ಹನ್ನೆರಡು ಎಂಬ ಅಂಕಿಗಳಲ್ಲಿ ಜಾದೂ ಏನೂ ಇಲ್ಲ. ನಿಲ್ಲಿಸಬಹುದಾದವರು ನಿಲ್ಲಿಸಬೇಕು, ಉಳಿದವರು ಮುಂದುವರಿಸಬೇಕು. ನಾನು ಫೆಬ್ರವರಿಯಲ್ಲೇ ಇದನ್ನು ಹೇಳಬೇಕಿತ್ತು.

ಯಜಮಾನರು ಶೇಕಡಾವಾರು ಕೇಳಿ ಸುಮ್ಮನಿದ್ದರು. ಆಮೇಲೆ ಅವರೇ ಅಂದರು: "ಅಂದ್ರೆ ಕೊಳೆಗೆ ಔಷಧಿ ಹೊಡೆದ ಹಾಗೆ." ಅಡಿಕೆಗೆ ಬರುವ ಕೊಳೆ ರೋಗದ ಮಾತು. ಮಳೆ ಹಿಡಿಯುವ ಮೊದಲು ಮೈಲುತುತ್ತ ಸುಣ್ಣ ಕಲಸಿದ ಬೋರ್ಡೋ ಒಂದು ಸಲ, ನಲವತ್ತೈದು ದಿನದ ಹೊತ್ತಿಗೆ ಇನ್ನೊಂದು ಸಲ. ಆ ವರ್ಷ ಕೊಳೆ ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ, ಆದರೂ ಹೊಡೆಯುತ್ತಾರೆ. ನನಗೆ ಖುಷಿಯಾಯಿತು. ತಕ್ಷಣ ಅವರೇ ಕೊಕ್ಕೆ ಹಾಕಿದರು: "ಆದ್ರೆ ಡಾಕ್ಟ್ರೇ, ಮಳೆಗಾಲ ಮುಗಿದ್ಮೇಲೆ ಹೊಡೆಯಲ್ಲ."

"ಭಾವನವರ ಮಳೆಗಾಲ ಆಪರೇಷನ್ ಆದ ಮೂರು ತಿಂಗಳು, ಅದು ಮುಗೀತು. ನಿಮ್ಮದು ಯಾವಾಗ ಹಿಡೀತು ಅಂತ್ಲೇ ಗೊತ್ತಿಲ್ಲ, ಮುಗಿಯೋದು ಯಾವಾಗ ಅಂತ ಹ್ಯಾಗೆ ಹೇಳ್ಲಿ?" ಎಂದೆ.

ಇದಿಷ್ಟೇ ಆಗಿದ್ದರೆ ಎಲ್ಲರಿಗೂ ಜೀವಮಾನವಿಡೀ ಮಾತ್ರೆ ಬರೆದು ಕೈ ತೊಳೆದುಕೊಳ್ಳಬಹುದಿತ್ತು. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ರಕ್ತಸ್ರಾವ ಇದೆ. ಈ ಹೊಸ ಮಾತ್ರೆಗಳನ್ನು ದೀರ್ಘಕಾಲ ತಿನ್ನುವವರಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು 1.1 ಮಂದಿಗೆ ದೊಡ್ಡ ರಕ್ತಸ್ರಾವ ಆಗುತ್ತದೆ ಎಂದು 2021ರ ವಿಶ್ಲೇಷಣೆ ಹೇಳುತ್ತದೆ. ವಾರ್ಫರಿನ್, ಏಸಿಟ್ರಾಂ ಬಗೆಯವಕ್ಕೆ 1.7. ಕಮ್ಮಿ ಅನ್ನಿಸುತ್ತದೆ. ಆದರೆ ಹೆಪ್ಪು ಮರುಕಳಿಸಿದ ನೂರು ಜನರಲ್ಲಿ ಸಾಯುವವರು ಸುಮಾರು 4. ದೊಡ್ಡ ರಕ್ತಸ್ರಾವವಾದ ನೂರು ಜನರಲ್ಲಿ ಸಾಯುವವರು ಸುಮಾರು 10. ಹಾಗಾಗಿ ಒಂದಕ್ಕೊಂದು ಸರಿಸಮ ಎಂದು ಎಣಿಸಬಾರದು. ಇವರಂಥ ನೂರು ಜನ ಮಾತ್ರೆ ಬಿಟ್ಟರೆ ಮೊದಲ ವರ್ಷ ಹತ್ತು ಹೆಪ್ಪು, ಅದರಲ್ಲಿ ಸಾವು 0.4. ಮಾತ್ರೆ ತಿಂದರೆ ಒಂದು ದೊಡ್ಡ ರಕ್ತಸ್ರಾವ, ಸಾವು 0.1. ಲೆಕ್ಕ ಮುಂದುವರಿಸುವ ಕಡೆಗೇ ವಾಲುತ್ತದೆ, ಆದರೆ ನಾವು ಅಂದುಕೊಂಡಷ್ಟು ಜೋರಾಗಿ ಅಲ್ಲ. ಇವರ ಹೆಪ್ಪು ಕಾಲಿನಲ್ಲಿ ಮಾತ್ರ ಇತ್ತು, ಶ್ವಾಸಕೋಶಕ್ಕೆ ಹೋಗಿರಲಿಲ್ಲ. ಎರಡನೇ ಸಲ ಬಂದರೂ ಸಾಮಾನ್ಯವಾಗಿ ಮೊದಲನೆಯದರ ದಾರಿಯನ್ನೇ ಹಿಡಿಯುತ್ತದೆ. ಅದೂ ಅವರ ಪರವಾಗಿ.

ರಕ್ತಸ್ರಾವ ಹೆಚ್ಚು ಯಾರಿಗೆ? 65 ದಾಟಿದವರಿಗೆ, ಕಿಡ್ನಿ ಸೋತವರಿಗೆ, ಹಿಂದೆ ರಕ್ತಸ್ರಾವ ಆದವರಿಗೆ, ಜೊತೆಗೆ ಆಸ್ಪಿರಿನ್ ತಿನ್ನುವವರಿಗೆ, ಹಿಮೋಗ್ಲೋಬಿನ್ 10ಕ್ಕಿಂತ ಕೆಳಗಿರುವವರಿಗೆ. ಯಜಮಾನರ ಕಿಡ್ನಿ ಸರಿಯಿತ್ತು, ಕ್ರಿಯಾಟಿನಿನ್ 0.9, ಪ್ಲೇಟ್‌ಲೆಟ್ 2.1 ಲಕ್ಷ, ಕುಡಿತ ಇಲ್ಲ. ಎಲ್ಲ ಪ್ರಶ್ನೆಗೂ 'ಇಲ್ಲ' ಎಂದು ಬರೆದುಕೊಂಡು ಹೋಗುತ್ತಿದ್ದಾಗ ಅವರ ಹೆಂಡತಿ "ಮಂಡಿ ನೋವಿನ ಮಾತ್ರೆ ಹೇಳಿ" ಎಂದು ಮೊಣಕೈಯಲ್ಲಿ ತಿವಿದರು. ಜೇಬಿನಿಂದ ಒಂದು ಸ್ಟ್ರಿಪ್ ಹೊರಗೆ ಬಂತು. ಡೈಕ್ಲೋಫಿನಾಕ್. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದದ್ದು, ವಾರಕ್ಕೆ ಮೂರ್ನಾಲ್ಕು. "ಅದು ಮಾತ್ರೆ ಅಂತ ಲೆಕ್ಕ ಇಲ್ಲ ಡಾಕ್ಟ್ರೇ, ನೋವಿಗೆ ಅಷ್ಟೆ."

ಉಂಬಳಕ್ಕೆ ಹೆದರಿದ ಮನುಷ್ಯ ಆರು ತಿಂಗಳು ಇದನ್ನು ನಿರ್ಭಯವಾಗಿ ನುಂಗಿದ್ದರು. ರಕ್ತ ತೆಳು ಮಾಡುವ ಮಾತ್ರೆಯ ಜೊತೆ ಇಂಥ ನೋವಿನ ಮಾತ್ರೆ ಸೇರಿದರೆ ಹೊಟ್ಟೆಯೊಳಗೆ ರಕ್ತ ಸೋರುವ ಅಪಾಯ ಏರುತ್ತದೆ, ಮತ್ತು ಅದು ಪಂಚೆಯ ಮೇಲೆ ಕಾಣುವುದಿಲ್ಲ. ಪ್ಯಾರಾಸಿಟಮಾಲ್ ಬರೆದೆ, ಸ್ಟ್ರಿಪ್ಪನ್ನು ಮೇಜಿನ ಮೇಲೇ ಇಟ್ಟುಕೊಂಡೆ.

ಅಷ್ಟರಲ್ಲಿ ಬೆಂಗಳೂರಿನಿಂದ ಮಗಳು ಫೋನಿನಲ್ಲಿ. ಓದಿಕೊಂಡಿದ್ದಳು. "ಅಪ್ಪಯ್ಯಂಗೆ ಥ್ರಾಂಬೋಫಿಲಿಯಾ ಟೆಸ್ಟ್ ಪೂರ್ತಿ ಮಾಡಿಸ್ಬೇಕಲ್ವಾ ಸರ್? ಪ್ರೊಟೀನ್ ಸಿ, ಪ್ರೊಟೀನ್ ಎಸ್, ಫ್ಯಾಕ್ಟರ್ ಫೈವ್..." ರಕ್ತ ಬೇಗ ಹೆಪ್ಪುಗಟ್ಟುವ ಗುಣ ಮೈಯಲ್ಲೇ ಇದೆಯೋ ಎಂದು ನೋಡುವ ಪರೀಕ್ಷೆಗಳಿವು. ಕೇಳಿದ್ದು ತಪ್ಪಲ್ಲ. ಆದರೆ ಫ್ಯಾಕ್ಟರ್ ಫೈವ್ ಲೈಡನ್ ಎಂಬ ವಂಶವಾಹಿ ದೋಷ ಯುರೋಪ್ ಮೂಲದವರಲ್ಲಿ ಸಾಮಾನ್ಯ, ನಮ್ಮಲ್ಲಿ ಅಪರೂಪ. ಮತ್ತು 56ರ ವಯಸ್ಸಿನಲ್ಲಿ, ಮನೆತನದಲ್ಲಿ ಯಾರಿಗೂ ಇಲ್ಲದಾಗ, ಇವುಗಳ ಉತ್ತರ ಏನೇ ಬಂದರೂ ನನ್ನ ತೀರ್ಮಾನ ಬದಲಾಗದು. "ನೋಡಮ್ಮ, ಉತ್ತರ ಬಂದ್ರೂ ಮಾಡೋದು ಅದನ್ನೇ ಆದ್ರೆ ದುಡ್ಡು ಯಾಕೆ ಸುರೀಬೇಕು?" ಎಂದೆ. ಒಂದನ್ನು ಮಾತ್ರ ಮಾಡಿಸಿದೆ: ಹೆಪ್ಪುಗಟ್ಟುವುದನ್ನು ಹೆಚ್ಚಿಸುವ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳ ಪರೀಕ್ಷೆ. ಅದು ಬಲವಾಗಿ ಪಾಸಿಟಿವ್ ಬಂದರೆ ಔಷಧಿಯನ್ನೇ ಬದಲಿಸಬೇಕು. ಈ ಪರೀಕ್ಷೆಯ ಮೂರೂ ಬಗೆ ಪಾಸಿಟಿವ್ ಇದ್ದವರಲ್ಲಿ, ಅಪಿಕ್ಸಬಾನ್ ಬಗೆಯದೇ ಆದ ರಿವರೊಕ್ಸಬಾನ್ ವಾರ್ಫರಿನ್‌ಗಿಂತ ಕೆಟ್ಟದಾಯಿತೆಂದು 2018ರಲ್ಲೇ ಗೊತ್ತಾಗಿದೆ. ಇದರ ಒಂದು ಭಾಗ, ಲೂಪಸ್ ಆಂಟಿಕೋಆಗ್ಯುಲೆಂಟ್, ಮಾತ್ರೆ ತಿನ್ನುತ್ತಿರುವಾಗ ಸುಳ್ಳು ಹೇಳಬಹುದು. ಇವರು ಹೇಗೂ 12 ದಿನ ಬಿಟ್ಟು ಕೂತಿದ್ದರಲ್ಲ, ಮತ್ತೆ ಶುರು ಮಾಡುವ ಮೊದಲೇ ರಕ್ತ ತೆಗೆಸಿದೆ. ಆ ಉಂಬಳದಿಂದ ಆದ ಉಪಕಾರ ಅದೊಂದೇ. ಮೂರೂ ನೆಗೆಟಿವ್.

ಕ್ಯಾನ್ಸರಿನ ಸಂಶಯವನ್ನು ಮಗಳು ಬಾಯಿಬಿಟ್ಟು ಕೇಳಲಿಲ್ಲ, ಆದರೆ ಇತ್ತು. ಕಾರಣವಿಲ್ಲದ ಹೆಪ್ಪು ಬಂದವರಲ್ಲಿ ಒಂದು ವರ್ಷದೊಳಗೆ ನೂರಕ್ಕೆ ಸುಮಾರು 4 ಮಂದಿಯಲ್ಲಿ ಅಡಗಿದ್ದ ಕ್ಯಾನ್ಸರ್ ಹೊರಬೀಳುತ್ತದೆ. ಎಲ್ಲರಿಗೂ ಹೊಟ್ಟೆಯ ಸಿಟಿ ಮಾಡಿದರೆ ಬೇಗ ಸಿಗುತ್ತದೋ ಎಂದು ಕೆನಡಾದವರು ನೋಡಿದರು. 2015ರ ಫಲಿತಾಂಶದಲ್ಲಿ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ತೂಕ ಇಳಿದಿಲ್ಲ, ಹಸಿವಿದೆ, ಎದೆಯ ಎಕ್ಸ್‌ರೇ ಸರಿಯಿದೆ, ರಕ್ತದ ಪರೀಕ್ಷೆ ಸರಿಯಿದೆ. ಅಲ್ಲಿಗೆ ನಿಲ್ಲಿಸಿದೆ.

ಕೊನೆಗೆ ತೀರ್ಮಾನ: ನಿಲ್ಲಿಸುವುದಿಲ್ಲ, ಅರ್ಧ ಮಾಡುತ್ತೇವೆ. ಅಪಿಕ್ಸಬಾನ್ 2.5 ಮಿಲಿಗ್ರಾಂ, ದಿನಕ್ಕೆರಡು ಸಲ. ಆರರಿಂದ ಹನ್ನೆರಡು ತಿಂಗಳು ಚಿಕಿತ್ಸೆ ಮುಗಿಸಿದ ಸುಮಾರು 2,500 ಜನರ ಮೇಲೆ ನಡೆದು 2013ರಲ್ಲಿ ಬಂದ ಅಧ್ಯಯನದಲ್ಲಿ, ಮುಂದಿನ ಒಂದು ವರ್ಷದಲ್ಲಿ ಹುಸಿ ಮಾತ್ರೆ ತಿಂದವರಲ್ಲಿ 8.8 ಶೇಕಡಾ ಮಂದಿಗೆ ಹೆಪ್ಪು ಮರುಕಳಿಸಿತು ಅಥವಾ ಅದರಿಂದ ಸಾವು ಬಂತು. ಈ ಅರ್ಧ ಪ್ರಮಾಣದಲ್ಲಿ 1.7. ದೊಡ್ಡ ರಕ್ತಸ್ರಾವ ಎರಡರಲ್ಲೂ ತೀರಾ ಕಮ್ಮಿ, ಶೇಕಡಾ 0.5 ಮತ್ತು 0.2. ಅದು ಒಂದೇ ವರ್ಷದ ಕಥೆ, ಅದರಲ್ಲಿದ್ದವರು ಹೆಚ್ಚಾಗಿ ಗಟ್ಟಿಮುಟ್ಟಾಗಿದ್ದವರು ಎಂಬುದನ್ನೂ ಹೇಳಿದೆ. ಆಸ್ಪಿರಿನ್ ಸಾಲದೇ ಎಂದು ಮಗಳು ಕೇಳಿದಳು. ಏನೂ ಇಲ್ಲದ್ದಕ್ಕಿಂತ ವಾಸಿ. ಆದರೆ 2017ರಲ್ಲಿ ರಿವರೊಕ್ಸಬಾನ್ 10 ಮಿಲಿಗ್ರಾಂ ಜೊತೆ ನೇರವಾಗಿ ಹೋಲಿಸಿದಾಗ ಆಸ್ಪಿರಿನ್ನಿನಲ್ಲಿ 4.4, ಇದರಲ್ಲಿ 1.2. ರಕ್ತಸ್ರಾವದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ.

"ಇದು ಇಲಿ ಪಾಷಾಣ ಅಂತಾರಲ್ಲ?" ಎದ್ದು ನಿಂತ ಮೇಲೆ ಯಜಮಾನರು ಕೇಳಿದರು. ಇಲಿ ಪಾಷಾಣವಾಗಿ 1948ರಲ್ಲಿ ಮಾರುಕಟ್ಟೆಗೆ ಬಂದದ್ದು ವಾರ್ಫರಿನ್. ಇದು ಬೇರೆ ಎಂದೆ. ಚೀಟಿಯಲ್ಲಿ ಅವಧಿ ಬರೆಯುವ ಜಾಗದಲ್ಲಿ ಈ ಸಲ '6 ತಿಂಗಳು' ಎಂದು ಬರೆಯಲಿಲ್ಲ. 'ಮುಂದಿನ ಆಗಸ್ಟ್ ತನಕ. ಆಮೇಲೆ ಮತ್ತೆ ಲೆಕ್ಕ' ಎಂದು ಕನ್ನಡದಲ್ಲಿ ಬರೆದು, ಅವರಿಂದ ಓದಿಸಿದೆ.

ಮೊದಲ ವರ್ಷದ ಲೆಕ್ಕ ಸುಲಭವಾಗಿ ಮುಗಿಯಿತು. ಎರಡನೆಯದು ಮುಗಿಯಲಿಲ್ಲ. ಆ ವರ್ಷ ಮಾರ್ಚಿನಲ್ಲೇ, ಅವಧಿಗೆ ಮುಂಚೆ, ಹೆಂಡತಿ ಕರೆದುಕೊಂಡು ಬಂದರು. ಗುಡ್ಡ ಹತ್ತಿದರೆ ಸುಸ್ತು. ಮೊದಲು ನನ್ನ ತಲೆಗೆ ಬಂದದ್ದು ಶ್ವಾಸಕೋಶದ ಹೆಪ್ಪು. ಅದಲ್ಲ, ಹಿಮೋಗ್ಲೋಬಿನ್ 10.8. ಮಲ ಕಪ್ಪಗೆ ಹೋಗುತ್ತಿದ್ದದ್ದು ಕೇಳಿದ ಮೇಲೆ ಗೊತ್ತಾಯಿತು. ಸುಗ್ಗಿಯ ಎರಡು ತಿಂಗಳು, ಮರ ಹತ್ತಿ ಅಡಿಕೆ ಕೊನೆ ತೆಗೆಯುವ ಕೊನೆಗೌಡ ಸಿಗದ ವರ್ಷ, ಮಂಡಿ ಕೈಕೊಟ್ಟಿತ್ತು. ಡೈಕ್ಲೋಫಿನಾಕ್ ಮತ್ತೆ ಜೇಬಿಗೆ ಬಂದಿತ್ತು. ಎಂಡೋಸ್ಕೋಪಿಯಲ್ಲಿ ಜಠರದ ಒಳಗೋಡೆಯಲ್ಲಿ ಎರಡು ಸಣ್ಣ ಹುಣ್ಣು.

ಈಗ ಏನು ಮಾಡಬೇಕು? 'ಹಿಂದೆ ರಕ್ತಸ್ರಾವ ಆದವರು' ಎಂಬ ಕಲಂನಲ್ಲಿ ಇವರ ಹೆಸರು ಸೇರಿತು. ಮಗಳು ಈ ಸಲ ಪೂರ್ತಿ ನಿಲ್ಲಿಸೋಣ ಎಂದಳು. ನನಗೂ ಒಂದು ರಾತ್ರಿ ಹಾಗೇ ಅನ್ನಿಸಿತು. ಹುಣ್ಣು ಮಾಯುವವರೆಗೆ ಎರಡು ವಾರ ಮಾತ್ರೆ ನಿಲ್ಲಿಸಿದೆವು. ಆಮ್ಲ ಕಮ್ಮಿ ಮಾಡುವ ಮಾತ್ರೆ, ಕಬ್ಬಿಣಾಂಶ. ಹುಣ್ಣು ತರುವ ಎಚ್ ಪೈಲೋರಿ ಎಂಬ ಬ್ಯಾಕ್ಟೀರಿಯ ಇತ್ತು, ಅದಕ್ಕೂ ಚಿಕಿತ್ಸೆ. ಅದಕ್ಕೆ ಮಾತ್ರ 14 ದಿನದ ಕೋರ್ಸ್, ನಿಜವಾದ ಕೋರ್ಸ್. ಆಮೇಲೆ 2.5 ಮಿಲಿಗ್ರಾಂ ಮತ್ತೆ ಶುರು ಮಾಡಿದೆ. ರಕ್ತ ಸೋರಲು ಕಾರಣ ಕಣ್ಣೆದುರಿಗಿತ್ತು, ತೆಗೆದು ಹಾಕಬಹುದಾಗಿತ್ತು. ಹೆಪ್ಪುಗಟ್ಟಲು ಕಾರಣ ಮಾತ್ರ ಇನ್ನೂ ಕಂಡಿಲ್ಲ. ಬೇರೆ ವೈದ್ಯರು ಬೇರೆ ತೀರ್ಮಾನಕ್ಕೆ ಬರಬಹುದಿತ್ತು, ನಾನು ಜಗಳಕ್ಕೆ ಹೋಗುವುದಿಲ್ಲ. ಈ ನಡುವೆ 2025ರಲ್ಲಿ ಫ್ರಾನ್ಸಿನ ದೊಡ್ಡ ಅಧ್ಯಯನವೊಂದು ಬಂತು. ಪೂರ್ತಿ ಪ್ರಮಾಣಕ್ಕೂ ಕಡಿಮೆ ಪ್ರಮಾಣಕ್ಕೂ ಹೋಲಿಸಿದರೆ ಐದು ವರ್ಷದಲ್ಲಿ ಹೆಪ್ಪು ಮರುಕಳಿಸಿದ್ದು 1.8 ಮತ್ತು 2.2 ಶೇಕಡಾ, ಗಮನಿಸಬೇಕಾದ ರಕ್ತಸ್ರಾವ 15.2 ಮತ್ತು 9.9. ಕಡಿಮೆ ಪ್ರಮಾಣ ಸಮಸಮ ಎಂದು ಅಂಕಿಶಾಸ್ತ್ರದ ಪ್ರಕಾರ ಸಾಬೀತಾಗಲಿಲ್ಲ, ಆದರೆ ಯಜಮಾನರಂಥವರಿಗೆ ಯಾವುದು ಹೆಚ್ಚು ಹಿತ ಎಂದು ನನಗೆ ಅನುಮಾನ ಉಳಿಯಲಿಲ್ಲ.

ಮಂಡಿಗೆ ಮೂಳೆ ವೈದ್ಯರ ಬಳಿ ಕಳಿಸಿ ಚುಚ್ಚುಮದ್ದು ಕೊಡಿಸಿದ್ದಾಯಿತು. ಮೂರು ತಿಂಗಳಿಗೆ ಹಿಮೋಗ್ಲೋಬಿನ್ 13. ಎಡಗಾಲು ಸಂಜೆ ಹೊತ್ತಿಗೆ ಈಗಲೂ ಒಂದು ಸೆಂಟಿಮೀಟರ್ ದಪ್ಪ, ಅದು ಹಾಗೇ ಉಳಿಯಬಹುದು. ಚೀಟಿ ಬರೆದು ಮುಂದಿನ ಲೆಕ್ಕಕ್ಕೆ ಆಗಸ್ಟ್ ಎಂದು ಹಾಕುತ್ತಿದ್ದೆ.

"ಆಗಸ್ಟಲ್ಲಿ ಎರಡನೇ ಔಷಧಿ ಹೊಡೆಯೋದು ಇರುತ್ತೆ ಡಾಕ್ಟ್ರೇ, ಆಳು ಸಿಗೋದೇ ಕಷ್ಟ. ಸೆಪ್ಟೆಂಬರಿಗೆ ಹಾಕಿ" ಎಂದರು.

ಸೆಪ್ಟೆಂಬರಿಗೆ ಹಾಕಿದೆ.